ಗೃಹದಲ್ಲಿ ಶಿಶುಗಳಿಗೆ ಸಂಗೀತ ಸಂಸ್ಕಾರ

ಕಳೆದ ಮಾಘಮಾಸದಲ್ಲಿ ನಮ್ಮ ಬಂಧುಗಳೊಬ್ಬರ ಗೃಹದಲ್ಲಿ ಜರುಗಿದ ನಾಮಕರಣ ಸಮಾರಂಭಕ್ಕೆ ನಾವು ಹೋಗಿದ್ದೆವು. ಪುಣ್ಯಾಹ, ಹೋಮ, ನಾಮಕರಣಾದಿ ವಿಧಿಗಳೆಲ್ಲವೂ ಶಾಸ್ತ್ರೋಕ್ತವಾಗಿ ನೆರವೇರಿದವು. ಸಾಯಂಕಾಲ ಶಿಶುವನ್ನು ತೊಟ್ಟಿಲಿಗೆ ಹಾಕುವ ಸಮಯ ಬಂದಿತು. ತೊಟ್ಟಿಲನ್ನು ಪುಷ್ಪಗಳಿಂದ ಅಲಂಕರಿಸಿದ್ದರು. ಸುಮಂಗಲಿಯರು ಸುತ್ತಲೂ ನೆರೆದಿದ್ದರು. "ಯಾರಾದರೂ ಒಂದು ಜೋಗುಳ ಹೇಳಿರಮ್ಮಾ" ಎಂದು ಮನೆಯ ಹಿರಿಯರು ಕೇಳಿದರು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಬ್ಬರಿಗೆ ಗಂಟಲು ಸರಿಯಿಲ್ಲ, ಇನ್ನೊಬ್ಬರಿಗೆ ಪಲ್ಲವಿಯ ಹೊರತು ಮುಂದಿನದು ಸ್ಮರಣೆಯಲ್ಲಿಲ್ಲ, ಮತ್ತೊಬ್ಬರು ತಾವು ಸಂಗೀತ ಕಲಿತವರಲ್ಲವೆಂದು ಹಿಂದೆ ಸರಿದರು. ಕೊನೆಗೆ ಯಾರೋ ತಮ್ಮ ಮೊಬೈಲ್ ಫೋನನ್ನು ಶಿಶುವಿನ ತಲೆಯ ಪಕ್ಕದಲ್ಲಿಯೇ ಇರಿಸಿ ಪ್ರಸಿದ್ಧ ಗಾಯಕಿಯೊಬ್ಬರ ಧ್ವನಿಮುದ್ರಣವನ್ನು ಹಚ್ಚಿದರು. ಜೋಗುಳದ ಮಧ್ಯದಲ್ಲಿ ಸಾಬೂನಿನ ಜಾಹೀರಾತು ಬಂದಿತು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಹಿಂದಿರುಗುವಾಗ ದಾರಿಯುದ್ದಕ್ಕೂ ಆ ನಗೆ ನಮ್ಮನ್ನು ಬಾಧಿಸುತ್ತಲೇ ಇತ್ತು.

ಅನ್ಯರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ನಮ್ಮ ಮನೆಯ ವೃತ್ತಾಂತವೂ ಅದಕ್ಕಿಂತ ಮೇಲಾದುದೇನಲ್ಲ. ನಮ್ಮ ಮಾತೃಶ್ರೀಯವರು ಗತಿಸಿ ಆರು ವರ್ಷಗಳಾದವು. ಅವರು ಬಿಟ್ಟುಹೋದ ವಸ್ತುಗಳಲ್ಲಿ ಇನ್ನೂರು ಪುಟಗಳ ಒಂದು ಹಾಡಿನ ಪುಸ್ತಕವಿದೆ. ನೀಲಿ ಮಸಿಯ ಗುಂಡಾದ ಅಕ್ಷರಗಳು, ಅಲ್ಲಲ್ಲಿ ಎಣ್ಣೆಯ ಕಲೆ. ಶುಕ್ರವಾರದ ಹಾಡು, ಹೂವು ಮುಡಿಸುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡುಗಳು ಎಲ್ಲವೂ ಅದರಲ್ಲಿವೆ. ಕೆಲವು ಹಾಡುಗಳ ಮೇಲೆ 'ಧಾಟಿ' ಎಂದು ಬರೆದು ಬೇರೊಂದು ಹಾಡಿನ ಹೆಸರನ್ನು ಸೂಚಿಸಿದ್ದಾರೆ. ಆ ಬೇರೊಂದು ಹಾಡಿನ ಧಾಟಿಯೂ ನಮಗೆ ತಿಳಿಯದು! ಅವರು ಜೀವಿಸಿದ್ದಾಗ ನಾವು ಪಾಠಶಾಲೆಯಲ್ಲಿದ್ದೆವು, ಅನಂತರ ಕಾಲೇಜಿನಲ್ಲಿದ್ದೆವು. ಹಾಡುಗಳು ಹೇಗೂ ಪುಸ್ತಕದಲ್ಲಿವೆಯಲ್ಲ ಎಂದು ನಿಶ್ಚಿಂತರಾಗಿದ್ದೆವು. ಇಂದು ಆ ಪುಸ್ತಕವನ್ನು ತೆರೆದರೆ ಸಾಹಿತ್ಯವನ್ನು ಓದಬಹುದೇ ಹೊರತು ಹಾಡಲು ಸಾಧ್ಯವಿಲ್ಲ.

ಒಂದು ಜೋಗುಳ ಮಾತ್ರ ಇದಕ್ಕೆ ಅಪವಾದ. ನಮ್ಮ ಮಗಳು ಜನಿಸಿದ ಕೆಲವು ದಿನಗಳಲ್ಲಿ ಒಂದು ರಾತ್ರಿ ಅವಳ ರೋದನವು ಯಾವ ಉಪಾಯದಿಂದಲೂ ನಿಲ್ಲಲಿಲ್ಲ. ಎತ್ತಿಕೊಂಡು ನಡುಮನೆಯಲ್ಲಿ ತಿರುಗಾಡುತ್ತಿರುವಾಗ ನಮ್ಮ ಬಾಯಿಂದ ಆ ಜೋಗುಳವು ತಾನಾಗಿಯೇ ಬಂದಿತು. ಅದನ್ನು ಕಲಿತ ನೆನಪು ನಮಗಿಲ್ಲ. ಎರಡು ನುಡಿಗಳು ನಿರಾತಂಕವಾಗಿ ಬಂದವು, ಮೂರನೆಯದು ಬರಲಿಲ್ಲ. ಬೆಳಿಗ್ಗೆ ಪುಸ್ತಕವನ್ನು ತೆಗೆದು ನೋಡಿದರೆ ಅದರಲ್ಲಿ ಏಳು ನುಡಿಗಳಿವೆ. ಬಾಲ್ಯದಲ್ಲಿ ನಾವು ಪ್ರತಿರಾತ್ರಿಯೂ ಎರಡನೆಯ ನುಡಿ ಮುಗಿಯುವುದರೊಳಗೆ ನಿದ್ರಿಸುತ್ತಿದ್ದೆವೆಂದು ಊಹಿಸಬೇಕಾಗಿದೆ. ದೊಡ್ಡವರಾದ ಮೇಲೆ ಕೇಳಿದ ನೂರು ಹಾಡುಗಳ ಧಾಟಿ ನಷ್ಟವಾಗಿ, ತೊಡೆಯ ಮೇಲೆ ಅರೆನಿದ್ರೆಯಲ್ಲಿ ಕೇಳಿದ ಒಂದು ಹಾಡಿನ ಧಾಟಿ ಮೂವತ್ತು ವರ್ಷಗಳ ಮೇಲೂ ಉಳಿದಿದ್ದಿತು. ಈ ಪ್ರಸಂಗವೇ ನಮ್ಮನ್ನು ಪ್ರಸ್ತುತ ವಿಷಯದ ವಿಚಾರಕ್ಕೆ ಪ್ರೇರೇಪಿಸಿತು.

ಇದು ಒಂದು ಮನೆಯ ನಷ್ಟ ಮಾತ್ರವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಶ್ರೀಪಾದರಾಜರು, ವ್ಯಾಸರಾಜರು, ವಾದಿರಾಜರು, ಪುರಂದರದಾಸರೇ ಮೊದಲಾದ ಮಹನೀಯರ ಕೃತಿಗಳ ಸಾಹಿತ್ಯವು ತಾಳೆಗರಿಗಳಲ್ಲಿಯೂ ಕಾಗದದ ಪ್ರತಿಗಳಲ್ಲಿಯೂ ಉಳಿದು ಬಂದಿದೆ. ಅನೇಕ ಪದಗಳಿಗೆ ರಾಗತಾಳಗಳ ನಿರ್ದೇಶವೂ ಇದೆ. ಆದರೆ ಆ ಮಹನೀಯರು ಸ್ವತಃ ಯಾವ ಧಾಟಿಯಲ್ಲಿ ಹಾಡಿದರೋ ಆ ಧಾಟಿಗಳು ಬಹುಮಟ್ಟಿಗೆ ಲುಪ್ತವಾದವು. ಇಂದು ಸಭೆಗಳಲ್ಲಿ ಕೇಳಿಬರುವ ದೇವರನಾಮಗಳಲ್ಲಿ ಹೆಚ್ಚಿನವು ಈಚಿನ ವಿದ್ವಾಂಸರು ಸ್ವರ ಸಂಯೋಜಿಸಿದಂಥವು. ಅವು ಶ್ಲಾಘ್ಯವೇ ಸರಿ. ಆದರೂ ಗರಿಯಲ್ಲಿ ಬರೆದುದು ನಿಂತಿತು, ಕಿವಿಯಿಂದ ಕಿವಿಗೆ ಹೋಗಬೇಕಾದುದು ಎಲ್ಲಿಯೋ ಒಂದು ತಲೆಮಾರಿನಲ್ಲಿ ತಡೆಯಿತು. ನಮ್ಮ ಸ್ತ್ರೀಯರ ಸಂಪ್ರದಾಯದ ಹಾಡುಗಳಾದರೋ ಸಭೆಯನ್ನು ಕಂಡವಲ್ಲ, ಅವುಗಳಿಗೆ ಸ್ವರಲಿಪಿ ಬರೆದಿಟ್ಟವರು ವಿರಳ. ಮನೆಯ ಶಿಶುವಿನ ಕಿವಿಯೊಂದೇ ಅವುಗಳ ಭಂಡಾರ.

ಶಿಶುವಿಗೆ ಏನು ತಿಳಿದೀತು, ಏಳು ವರ್ಷ ತುಂಬಿದ ಮೇಲೆ ಸಂಗೀತದ ಮೇಷ್ಟರ ಬಳಿಗೆ ಕಳುಹಿಸಿದರಾಯಿತು ಎಂಬ ಅಭಿಪ್ರಾಯವು ಬಹುಮಂದಿಯಲ್ಲಿದೆ. ಇದು ಸರಿಯಲ್ಲ. ಗರ್ಭಸ್ಥನಾದ ಪ್ರಹ್ಲಾದನು ನಾರದರ ಉಪದೇಶವನ್ನು ಕೇಳಿದನೆಂಬ ಭಾಗವತದ ಸಪ್ತಮಸ್ಕಂಧದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅದು ದೇವರ್ಷಿಯ ಅನುಗ್ರಹದ ವಿಷಯ. ವೈದ್ಯಶಾಸ್ತ್ರದಿಂದ ಅದಕ್ಕೆ ಪ್ರಮಾಣವನ್ನು ಯಾಚಿಸಬೇಕಾಗಿಲ್ಲ. ಆದರೆ ಸಾಮಾನ್ಯ ಶಿಶುಗಳ ವಿಷಯದಲ್ಲಿಯೂ ಗರ್ಭಧಾರಣೆಯ ಸುಮಾರು ಆರೇಳು ತಿಂಗಳುಗಳ ಹೊತ್ತಿಗೆ ಕಿವಿಯು ಶಬ್ದಕ್ಕೆ ಪ್ರತಿಕ್ರಿಯೆ ತೋರಲು ಆರಂಭಿಸುವುದೆಂದು ವೈದ್ಯರು ಕಂಡಿದ್ದಾರೆ. ೧೯೮೬ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಅಮೆರಿಕದ ಸಂಶೋಧಕರು ಒಂದು ಸ್ವಾರಸ್ಯಕರವಾದ ಪರೀಕ್ಷೆಯನ್ನು ಪ್ರಕಟಿಸಿದರು. ಕೆಲವು ಗರ್ಭಿಣಿಯರು ಕೊನೆಯ ಆರು ವಾರಗಳಲ್ಲಿ ಪ್ರತಿದಿನವೂ ಒಂದೇ ಕಥಾಭಾಗವನ್ನು ಗಟ್ಟಿಯಾಗಿ ಓದಿದರು. ಪ್ರಸವಾನಂತರ ಶಿಶುಗಳಿಗೆ ಆ ಭಾಗವನ್ನೂ ಬೇರೊಂದು ಭಾಗವನ್ನೂ ಕೇಳಿಸಿ, ಅವು ಚೀಪುವ ರೀತಿಯಿಂದ ಯಾವುದನ್ನು ಅಪೇಕ್ಷಿಸುತ್ತವೆಂದು ನೋಡಲಾಗಿ, ಮೊದಲೇ ಕೇಳಿದ್ದ ಭಾಗವನ್ನೇ ಅಪೇಕ್ಷಿಸಿದವು. ಅದನ್ನು ತಾಯಿಯಲ್ಲದೆ ಬೇರೊಬ್ಬ ಸ್ತ್ರೀ ಓದಿದಾಗಲೂ ಹಾಗೆಯೇ ಆಯಿತು. ಅರ್ಥವು ಶಿಶುವಿಗೆ ತಿಳಿಯುವಂತಿಲ್ಲ, ಧ್ವನಿಯೂ ತಾಯಿಯದಲ್ಲ. ಹಾಗಾದರೆ ಗುರುತು ಹಿಡಿದುದು ಯಾವುದನ್ನು? ಓದಿನ ಏರಿಳಿತವನ್ನು, ಅಂದರೆ ನಮ್ಮ ಮಾತೃಶ್ರೀಯವರು ಪುಸ್ತಕದಲ್ಲಿ ಯಾವುದನ್ನು ಬರೆಯಲಾರದೆ ಹೋದರೋ ಆ ಧಾಟಿಯನ್ನು.

ತಾಳದ ವಿಷಯವು ಇನ್ನೂ ವಿಚಾರಯೋಗ್ಯವಾಗಿದೆ. ಜಗನ್ನಾಥದಾಸರ ಹರಿಕಥಾಮೃತಸಾರವು ಭಾಮಿನೀ ಷಟ್ಪದಿಯಲ್ಲಿದೆಯೆಂಬುದು ವಿದಿತವೇ ಆಗಿದೆ. ಆ ಛಂದಸ್ಸಿನಲ್ಲಿ ಮೂರು ಮಾತ್ರೆಯ ಗಣವೂ ನಾಲ್ಕು ಮಾತ್ರೆಯ ಗಣವೂ ಒಂದಾದ ಮೇಲೊಂದರಂತೆ ಬರುತ್ತವೆ. ಮೃದಂಗದ ಭಾಷೆಯಲ್ಲಿ ಹೇಳುವುದಾದರೆ 'ತಕಿಟ ತಕಧಿಮಿ', ಅಂದರೆ ಏಳು ಮಾತ್ರೆಗಳ ಮಿಶ್ರಚಾಪಿನ ನಡೆ. ಪಾಶ್ಚಾತ್ಯ ಸಂಗೀತದ ಸಾಮಾನ್ಯ ನಡೆಗಳು ಎರಡು, ಮೂರು, ನಾಲ್ಕರವು. ಏಳರ ನಡೆಯು ಅಲ್ಲಿಯವರಿಗೆ ಕುಂಟುವಂತೆ ತೋರುತ್ತದೆ. ಆದರೆ ಬಾಲ್ಕನ್ ದೇಶಗಳ ಜಾನಪದ ಸಂಗೀತದಲ್ಲಿ ಅಂಥ ನಡೆಗಳಿವೆ. ಹ್ಯಾನನ್ ಮತ್ತು ಟ್ರೆಹಬ್ ಎಂಬ ವಿದುಷಿಯರು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಉತ್ತರ ಅಮೆರಿಕದ ಆರು ತಿಂಗಳ ಶಿಶುಗಳು ತಾವು ಹಿಂದೆ ಕೇಳದ ಆ ವಿಷಮ ನಡೆಯಲ್ಲಿ ತಾಳ ತಪ್ಪಿದುದನ್ನೂ, ಪರಿಚಿತ ನಡೆಯಲ್ಲಿ ತಪ್ಪಿದುದನ್ನೂ ಸಮಾನವಾಗಿ ಗುರುತಿಸಿದವು. ಆ ದೇಶದ ವಯಸ್ಕರಿಗೆ ಅದು ಸಾಧ್ಯವಾಗಲಿಲ್ಲ. ಹನ್ನೆರಡು ತಿಂಗಳಾಗುವಷ್ಟರಲ್ಲಿ ಶಿಶುಗಳ ಸಾಮರ್ಥ್ಯವೂ ಮನೆಯಲ್ಲಿ ಕೇಳಿಬರುವ ನಡೆಗಳಿಗೆ ಸಂಕುಚಿತವಾಗಿದ್ದಿತು. ಆದರೆ ಎರಡು ವಾರಗಳ ಕಾಲ ಮನೆಯಲ್ಲಿ ಆ ಸಂಗೀತವನ್ನು ಕೇಳಿಸಿದೊಡನೆ ಒಂದು ವರ್ಷದ ಶಿಶುಗಳಿಗೆ ಅದು ಮರಳಿ ಬಂದಿತು. ವಯಸ್ಕರಿಗೆ ಅಷ್ಟೇ ಕೇಳಿಸಿದರೂ ಹಾಗೆ ಬರಲಿಲ್ಲ.

ಆದುದರಿಂದ ಮೊದಲ ವರ್ಷದೊಳಗೆ ಶಿಶುವಿನ ಕಿವಿಗೆ ಯಾವ ನಡೆ ಬೀಳುತ್ತದೆಂಬುದು ಅಲ್ಪವಿಷಯವಲ್ಲ. ನಾಲ್ಕರ ಡೋಲುಬಡಿತವನ್ನು ಮಾತ್ರ ಫೋನಿನಲ್ಲಿ ಕೇಳಿ ಬೆಳೆದ ಬಾಲಕನಿಗೆ ಹತ್ತನೆಯ ವಯಸ್ಸಿನಲ್ಲಿ ಷಟ್ಪದಿಯನ್ನು ಓದಿಸಿದರೆ ಗಣಗಳ ನಡುವೆ ಅವನು ಮುಗ್ಗರಿಸುವುದನ್ನು ನಾವು ಬೇಸಿಗೆಯ ಶಿಬಿರಗಳಲ್ಲಿ ಪ್ರತ್ಯಕ್ಷವಾಗಿ ಕಂಡಿದ್ದೇವೆ. ಇದಕ್ಕೆ ಪರಿಹಾರವು ಸುಲಭ. ಕುತ್ತಿಗೆ ನಿಂತ ಶಿಶುವನ್ನು ಎರಡು ಕೈಗಳಿಂದಲೂ ಭದ್ರವಾಗಿ ಹಿಡಿದು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಷಟ್ಪದಿಯ ಒಂದೆರಡು ಪದ್ಯಗಳನ್ನು ಹೇಳುತ್ತಾ, ಮೂರರ ಆದಿಗೆ ಒಮ್ಮೆ, ನಾಲ್ಕರ ಆದಿಗೆ ಒಮ್ಮೆ ಮೊಣಕಾಲನ್ನು ಮೃದುವಾಗಿ ಎತ್ತಬೇಕು. ಶಿಶುವು ಕೇಕೆ ಹಾಕುವುದು ನಿಶ್ಚಯ. ಇದೂ ಆಟ ಮಾತ್ರವಲ್ಲ. ಕೆನಡಾ ದೇಶದಲ್ಲಿ ಅದೇ ೨೦೦೫ರಲ್ಲಿ ಏಳು ತಿಂಗಳ ಶಿಶುಗಳಿಗೆ ಒತ್ತಿಲ್ಲದ ಒಂದು ಲಯವನ್ನು ಕೇಳಿಸುತ್ತಾ, ಕೆಲವನ್ನು ಎರಡು ಪೆಟ್ಟಿಗೊಮ್ಮೆ, ಕೆಲವನ್ನು ಮೂರು ಪೆಟ್ಟಿಗೊಮ್ಮೆ ಕುಪ್ಪಳಿಸಿದರು. ಅನಂತರ ಪ್ರತಿಯೊಂದು ಶಿಶುವೂ ತನ್ನನ್ನು ಹೇಗೆ ಕುಪ್ಪಳಿಸಿದ್ದರೋ ಆ ಒತ್ತಿನ ಲಯವನ್ನೇ ಹೆಚ್ಚು ಕಾಲ ಆಲಿಸಿತು. ಇತರರು ಕುಪ್ಪಳಿಸುವುದನ್ನು ನೋಡಿದ ಮಾತ್ರದಿಂದ ಆ ಫಲವು ದೊರೆಯಲಿಲ್ಲ. ದೂರದರ್ಶನದ ಮುಂದೆ ಮಗುವನ್ನು ಕುಳ್ಳಿರಿಸಿ ತಾಳ ಕಲಿಯಲೆಂದು ಬಯಸುವವರು ಈ ಕೊನೆಯ ಅಂಶವನ್ನು ಎರಡು ಸಲ ಓದಬೇಕು.

"ನನ್ನ ಕಂಠ ಚೆನ್ನಾಗಿಲ್ಲ" ಎಂಬ ಆಕ್ಷೇಪವನ್ನು ಈಗ ವಿಚಾರಿಸೋಣ. ಶಿಶುವು ವಿಮರ್ಶಕನಲ್ಲ. ಹೆತ್ತವರು ಮಗುವನ್ನುದ್ದೇಶಿಸಿ ಹಾಡುವಾಗ ತಾವರಿಯದೆಯೇ ಶ್ರುತಿಯನ್ನು ಸ್ವಲ್ಪ ಏರಿಸಿ ಕಾಲವನ್ನು ಇಳಿಸುತ್ತಾರೆ. ಶಿಶುಗಳು ಅಂಥ ಹಾಡುಗಾರಿಕೆಯನ್ನೇ ಹೆಚ್ಚಾಗಿ ಆಲಿಸುತ್ತವೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ವರ್ಷ ತುಂಬದ ಶಿಶುಗಳು ಮಾತನ್ನು ಕೇಳುತ್ತಿರುವಾಗ ಸುಮಾರು ನಾಲ್ಕು ನಿಮಿಷಗಳಲ್ಲಿ ಅಳಲಾರಂಭಿಸಿದವು. ಹಾಡನ್ನು ಕೇಳುತ್ತಿರುವಾಗ ಸುಮಾರು ಒಂಬತ್ತು ನಿಮಿಷಗಳ ಕಾಲ ಶಾಂತವಾಗಿದ್ದವು. ಆ ಹಾಡು ಶಿಶುಗಳೂ ಅವರ ಮನೆಯವರೂ ಅರಿಯದ ತುರ್ಕಿ ಭಾಷೆಯದು! ಒಂಬತ್ತು ನಿಮಿಷಗಳಲ್ಲಿ ಒಂದು ಅನ್ನದ ಪಾತ್ರೆಯನ್ನು ಇಳಿಸಬಹುದೆಂಬುದನ್ನು ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ.

ಪುರುಷರೂ ಹಾಡಬೇಕು. ಜೋಗುಳವು ಸ್ತ್ರೀಯರ ಕಾರ್ಯವೆಂದು ಪುರಂದರದಾಸರು ಭಾವಿಸಿದ್ದರೆ ಶ್ರೀಕೃಷ್ಣನನ್ನು ತೂಗುವ ಪದಗಳನ್ನು ಅವರು ರಚಿಸುತ್ತಿರಲಿಲ್ಲ. ನಮ್ಮ ತೀರ್ಥರೂಪರು ನೈವೇದ್ಯಕಾಲದಲ್ಲಿ ಶ್ರೀಮದಾಚಾರ್ಯರ ದ್ವಾದಶಸ್ತೋತ್ರವನ್ನು ಹೇಳುವಾಗ ನಮ್ಮನ್ನು ದೇವರಕೋಣೆಯ ಹೊಸ್ತಿಲ ಹೊರಗೆ ಕುಳ್ಳಿರಿಸುತ್ತಿದ್ದರು. ಸ್ತೋತ್ರದ ಅರ್ಥವು ತಿಳಿಯುವುದಕ್ಕೆ ಎಷ್ಟೋ ವರ್ಷಗಳ ಮೊದಲೇ, ಅದು ಮುಗಿಯುತ್ತ ಬಂದಿತು, ಇನ್ನು ಪ್ರಸಾದವೆಂಬುದು ನಾದದಿಂದಲೇ ತಿಳಿಯುತ್ತಿತ್ತು. ಪಾಠಶಾಲೆಯಲ್ಲಿ ಸಂಥೆ ಹೇಳುವ ಕ್ರಮವೂ ಇದೇ: ಗುರುಗಳು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡು ಸಲ ಹೇಳುವುದು. ಕಿವಿ ಮೊದಲು, ಪುಸ್ತಕ ಅನಂತರ.

ಅನುಷ್ಠಾನದಲ್ಲಿ ಮೂರು ಹಾಡುಗಳು ಸಾಕು. ನಿದ್ರೆಗೆ ಒಂದು, ಎಣ್ಣೆನೀರಿನ ಹೊತ್ತಿಗೆ ಒಂದು, ದೀಪ ಹಚ್ಚುವಾಗ ಒಂದು. ಅವುಗಳನ್ನು ಬದಲಾಯಿಸಬಾರದು. ದೊಡ್ಡವರಿಗೆ ಬೇಸರವಾಗುವಷ್ಟು ಪುನರಾವೃತ್ತಿಯಾದಾಗಲೇ ಶಿಶುವಿಗೆ ರುಚಿ ಹುಟ್ಟುವುದು. ಸಂಗೀತಜ್ಞರು ನೀಲಾಂಬರಿ, ನವರೋಜು, ಯದುಕುಲಕಾಂಭೋಜಿಗಳನ್ನು ಲಾಲಿಗೆ ಉಚಿತವಾದ ರಾಗಗಳೆನ್ನುತ್ತಾರೆ. ತಿಳಿದವರು ಹಾಗೆಯೇ ಹಾಡಲಿ, ತಿಳಿಯದವರು ತಮ್ಮ ಅಜ್ಜಿ ಹಾಡಿದಂತೆ ಹಾಡಲಿ. ಅಜ್ಜಿಗೂ ರಾಗದ ಹೆಸರು ತಿಳಿದಿರಲಿಲ್ಲ. ಒಂದೂವರೆ ಎರಡು ವರ್ಷಗಳ ಹೊತ್ತಿಗೆ ಮಗುವು ಹಾಡಿನ ಒಂದೆರಡು ತುಣುಕುಗಳನ್ನು ತಾನೇ ಗುನುಗುವುದು. ಸಾಲಿನ ಕೊನೆಯ ಪದವನ್ನು ನಾವು ಬಿಟ್ಟು ನಿಲ್ಲಿಸಿದರೆ ಅದನ್ನು ತುಂಬುವುದು. ಆಗ ತಪ್ಪನ್ನು ತಿದ್ದಕೂಡದು. ಸ್ವರಸ್ಥಾನದಲ್ಲಿ ನಿಲ್ಲುವ ಶಕ್ತಿಯು ಬಹುಪಾಲು ಮಕ್ಕಳಿಗೆ ಐದಾರು ವರ್ಷಗಳವರೆಗೆ ಸ್ಥಿರವಾಗುವುದಿಲ್ಲ. 'ಅಪಸ್ವರ' ಎಂದು ನಾಲ್ಕನೆಯ ವಯಸ್ಸಿನಲ್ಲಿ ಅನ್ನಿಸಿಕೊಂಡವರೇ ಮುಂದೆ ತೊಟ್ಟಿಲ ಬಳಿ ಗಂಟಲು ಸರಿಯಿಲ್ಲವೆನ್ನುವವರು.

ಕ್ರಮಬದ್ಧವಾದ ಪಾಠಕ್ಕೆ ಆರೇಳನೆಯ ವರ್ಷವು ಯುಕ್ತವೇ. ಸರಳೆ, ಜಂಟಿ, ಅಲಂಕಾರಗಳನ್ನು ಮಾಯಾಮಾಳವಗೌಳದಲ್ಲಿ ಕ್ರಮಗೊಳಿಸಿದವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಆ ರಾಗದಲ್ಲಿ ಸ-ರಿ-ಗ-ಮಗಳ ನಡುವಿನ ಅಂತರಗಳು ಯಾವ ಕ್ರಮದಲ್ಲಿವೆಯೋ ಪ-ದ-ನಿ-ಸಗಳ ನಡುವೆಯೂ ಅದೇ ಕ್ರಮದಲ್ಲಿವೆ. ಕೆಳಗಿನರ್ಧವನ್ನು ಅರಿತ ಬಾಲಕನಿಗೆ ಮೇಲಿನರ್ಧವು ಅರ್ಧ ತಿಳಿದಂತೆಯೇ. ಅದರ ಜನ್ಯವಾದ ಮಲಹರಿಯಲ್ಲಿಯೇ ಪಿಳ್ಳಾರಿ ಗೀತೆಗಳಿವೆ. ಎಳೆಯರ ಗಂಟಲನ್ನು ಬಲ್ಲವರ ಕ್ರಮವಿದು. ಆದರೆ ಇದು ಬಾಯಿಗೆ ಮಾಡಿದ ಪಾಠ. ಕಿವಿಯ ಪಾಠವು ಅದಕ್ಕೆ ಮೊದಲೇ ಮನೆಯಲ್ಲಿ ಮುಗಿದಿರುವುದೆಂದು ಆ ಕಾಲದವರು ಸಹಜವಾಗಿ ಭಾವಿಸಿದ್ದರು.

ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಹೆಚ್ಚುವುದೆಂದು ಹೇಳಿ ಧ್ವನಿಮುದ್ರಿಕೆಗಳನ್ನು ಮಾರುವವರಿದ್ದಾರೆ. ಇದಕ್ಕೆ ಮೂಲವಾದ ೧೯೯೩ರ ಪರೀಕ್ಷೆಯು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದುದು, ಶಿಶುಗಳ ಮೇಲಲ್ಲ. ಮೊಜಾರ್ಟನ ಸಂಗೀತವನ್ನು ಕೇಳಿದ ಆ ವಿದ್ಯಾರ್ಥಿಗಳಲ್ಲಿ ಕಂಡ ಫಲವೂ ಕಾಲುಗಂಟೆಯಷ್ಟು ಮಾತ್ರ ನಿಂತಿತು. ಅಂಕಗಳ ಆಸೆಯಿಂದ ಹಾಡುವವರು ನಿರಾಶರಾಗುವರು.

ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಒಂದು ವರ್ಷದೊಳಗಿನ ಶಿಶುಗಳಿಗೆ ಅದು ಸರ್ವಥಾ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ಸೂಚಿಸಿದೆ. ಆದರೆ ವಿದೇಶದಲ್ಲಿರುವ ಮೊಮ್ಮಕ್ಕಳಿಗೆ ಅಜ್ಜಿಯಂದಿರು ಫೋನಿನಲ್ಲಿ ಮುಖ ನೋಡುತ್ತಾ ಹಾಡುವುದನ್ನು ಇದರಲ್ಲಿ ಸೇರಿಸಬೇಕಾಗಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಅಂಥ ಸಂಭಾಷಣೆಗೆ ವಿನಾಯಿತಿಯನ್ನು ಕೊಟ್ಟಿದೆ. ಅಜ್ಜಿ ಹಾಡುತ್ತಿರುವಾಗ ಅಲ್ಲಿರುವ ತಾಯಿಯೋ ತಂದೆಯೋ ಮಗುವನ್ನು ತೊಡೆಯ ಮೇಲಿರಿಸಿಕೊಂಡು ತಟ್ಟುತ್ತಿದ್ದರೆ ಸಾಕು.

ಗದ್ದಲದ ಬಗ್ಗೆ ಒಂದು ಮಾತು. ಶಿಶುವಿನ ಕಿವಿಯು ಸೂಕ್ಷ್ಮವಾದುದು. ಉತ್ಸವಗಳಲ್ಲಿ ಚಂಡೆ, ಜಾಗಟೆ, ಧ್ವನಿವರ್ಧಕಗಳ ಸಮೀಪದಲ್ಲಿ ಹಸುಗೂಸುಗಳನ್ನು ನಿಲ್ಲಿಸಿಕೊಳ್ಳಬಾರದು, ಹೊರಪ್ರಾಕಾರದಿಂದಲೂ ದರ್ಶನವಾಗುತ್ತದೆ. ಅರ್ಚಕರ ಮಗನಾಗಿ ಹೇಳುವುದಕ್ಕೆ ಸಂಕೋಚವಾದರೂ ಹೇಳಬೇಕು: ಗುಂಡಿಯನ್ನೊತ್ತಿದೊಡನೆ ತಾನೇ ನಗಾರಿಯನ್ನೂ ಘಂಟೆಯನ್ನೂ ಬಡಿಯುವ ವಿದ್ಯುದ್ಯಂತ್ರವು ಈಗ ಅನೇಕ ದೇವಸ್ಥಾನಗಳಿಗೆ ಬಂದಿದೆ. ಅದಕ್ಕೆ ಶ್ರುತಿಯೂ ಇಲ್ಲ, ನಿಲುಗಡೆಯೂ ಇಲ್ಲ. ಅದನ್ನು ಕೇಳಿ ಬೆದರಿದ ಮಗುವು ಮತ್ತೆ ಮಂಗಳಾರತಿಗೆ ಬರಲೊಲ್ಲದಿದ್ದರೆ ತಪ್ಪು ಮಗುವಿನದಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ನಮ್ಮ ಪರಿಚಿತರ ಮನೆಯ ಮಗುವೊಂದು ಮಂಗಳಾರತಿಯ ಘಂಟೆಗೆ ತಿರುಗಿ ನೋಡುತ್ತದೆಂದು ಎಲ್ಲರೂ ಸಂತೋಷಪಡುತ್ತಿದ್ದರು. ಅದು ತಿರುಗುತ್ತಿದ್ದುದು ದೀಪದ ಬೆಳಕಿಗೆ. ಕಿವಿ ಕೇಳಿಸದೆಂಬುದು ತಿಳಿದುದು ಎರಡು ವರ್ಷ ತುಂಬಿದ ಮೇಲೆ. ಸಾವಿರ ಶಿಶುಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ಈ ನ್ಯೂನತೆಯಿರುತ್ತದೆ. ಮೊದಲ ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭವೆಂಬುದು ತಜ್ಞರ ಕ್ರಮ. ಶಿಶುವು ನಿದ್ರಿಸುತ್ತಿರುವಾಗಲೇ ನೋವಿಲ್ಲದೆ ಕೆಲವು ನಿಮಿಷಗಳಲ್ಲಿ ಮೊದಲ ಪರೀಕ್ಷೆ ಮುಗಿಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದಕ್ಕೆ ಏರ್ಪಾಡಿದೆ. ದಿನವೂ ಹಾಡುವ ಮನೆಯಲ್ಲಿ ಮಗುವು ಧ್ವನಿಗೆ ಶಾಂತವಾಗದಿರುವುದು, ಬೆನ್ನ ಹಿಂದಿನಿಂದ ಹಾಡಿದರೆ ತಿರುಗದಿರುವುದು ಬೇಗನೆ ಗಮನಕ್ಕೆ ಬರುತ್ತದೆ. ಬಂದೊಡನೆ ನಾಳೆಗೆಂದು ಮುಂದೂಡದೆ ವೈದ್ಯರನ್ನು ಕಾಣಬೇಕು.

ನಮ್ಮ ಮಗಳಿಗೆ ಈಗ ಮೂರನೆಯ ವರ್ಷ. ಮೂರರಿಂದ ಏಳರವರೆಗಿನ ನುಡಿಗಳನ್ನು ನಾವು ಪುಸ್ತಕವನ್ನು ನೋಡಿ ಕಲಿತೆವು. ಅವಳಾದರೋ ಐದನೆಯ ನುಡಿಯವರೆಗೂ ಕಣ್ಣು ಮುಚ್ಚುವುದಿಲ್ಲ. ಮೊನ್ನೆ ಅವಳು ಮರದ ಬೊಂಬೆಯನ್ನು ಮಲಗಿಸಿ ಆ ಜೋಗುಳವನ್ನು ಹಾಡುತ್ತಿರುವಾಗ ನಮ್ಮ ಅಕ್ಕನವರು ಬಂದಿದ್ದರು. ಪಲ್ಲವಿಯ ಕೊನೆಯಲ್ಲಿ ಅಮ್ಮ ಒಂದು ತಿರುವು ಹಾಕುತ್ತಿದ್ದರೆಂದೂ, ಅದು ನಮ್ಮಲ್ಲಿ ತಪ್ಪಿಹೋಗಿದೆಯೆಂದೂ ಹೇಳಿ ಹಾಡಿ ತೋರಿಸಿದರು. ಪುಸ್ತಕದ ಇನ್ನೂ ಎರಡು ಹಾಡುಗಳ ಧಾಟಿಯೂ ಅವರಿಗೆ ನೆನಪಿತ್ತು. ಇಷ್ಟು ವರ್ಷಗಳಲ್ಲಿ ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಬರುವ ಶ್ರೀಕೃಷ್ಣಜಯಂತಿಯ ಸಾಯಂಕಾಲ ನಮ್ಮ ದೇವಸ್ಥಾನದಲ್ಲಿ ತೊಟ್ಟಿಲು ಸೇವೆ ಇರುತ್ತದೆ. ಮನೆಯಲ್ಲಿ ಹಳೆಯ ಹಾಡಿನ ಪುಸ್ತಕಗಳಿರುವವರು ಅವುಗಳನ್ನು ತರಬೇಕಾಗಿ ವಿನಂತಿ. ಧಾಟಿ ಮರೆತಿರುವ ಹಾಡುಗಳಿದ್ದರೆ ಅವಶ್ಯವಾಗಿ ತರಬೇಕು. ನೆರೆದವರಲ್ಲಿ ಯಾರಿಗಾದರೂ ತಿಳಿದಿರಬಹುದು. ಕೈಗೂಸುಗಳನ್ನು ಕರೆತರುವುದಕ್ಕೆ ಸಂಕೋಚ ಬೇಡ. ಅಂದು ಧ್ವನಿವರ್ಧಕ ಇರುವುದಿಲ್ಲ.